ತಮ್ಮನ ಮೀಸೆ

ಸೇನೆ ಬಿಟ್ಟು ಊರಿಗೆ ಬಂದು ಕೂತ ಮೇಲೂ ನನ್ನ ದಿನಚರಿ ಬದಲಾಗಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು, ಹಾಸಿಗೆ ಮಡಿಸಿ, ಗಡ್ಡ ಹೆರೆದುಕೊಂಡ ಮೇಲೇ ಕಾಫಿ. ಗಡ್ಡ ಬಿಟ್ಟ ಗಂಡಸನ್ನು ಕಂಡರೆ ನನಗೆ ಆಗುವುದಿಲ್ಲ.

ನನ್ನ ತಮ್ಮ ವಾರಗಟ್ಟಲೆ ಗಡ್ಡ ಬಿಡುತ್ತಿದ್ದ. ಸೋಮಾರಿತನದಿಂದಲ್ಲ. ನನ್ನಂತೆ ಸ್ವಂತ ಕೈಯಲ್ಲಿ ಹೆರೆದುಕೊಳ್ಳಲು ಅವನಿಗೆ ಬರುತ್ತಿರಲಿಲ್ಲ. ನಮ್ಮೂರಿನ ಕ್ಷೌರದಂಗಡಿಯಲ್ಲಿ ದಲಿತರ ಬೀದಿಯವರಿಗೆ ಕುರ್ಚಿ ಇರಲಿಲ್ಲ. ನಮ್ಮ ಬೀದಿಯ ಗಂಡಸರೆಲ್ಲ ಹರದನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋಗಿ ತಲೆ ಕೊಟ್ಟು ಬರುತ್ತಿದ್ದರು. ಅದಕ್ಕೆ ‘ಟೌನ್ ಕಟಿಂಗ್’ ಎಂದು ಹೆಸರಿಟ್ಟುಕೊಂಡು, ಅದೊಂದು ದೊಡ್ಡಸ್ತಿಕೆ ಎಂಬಂತೆ ತಿರುಗುತ್ತಿದ್ದರು. ಗಡ್ಡ ಹೇಗೇ ಇರಲಿ, ತಮ್ಮನ ಮೀಸೆ ಮಾತ್ರ ಸದಾ ಕಟ್ಟುನಿಟ್ಟು. ದಿನಾ ಕೊಬ್ಬರಿ ಎಣ್ಣೆ ಹಚ್ಚಿ ತುದಿ ತಿರುವುತ್ತಿದ್ದ. ಅಪ್ಪ ಸತ್ತಾಗ ತೆಗೆಸಿದ್ದು ಬಿಟ್ಟರೆ ಅದಕ್ಕೆ ಬ್ಲೇಡು ಮುಟ್ಟಿರಲಿಲ್ಲ.

ಅವನ ಮಗಳಿಗೆ ಗುಂಡ್ಲುಪೇಟೆ ಕಡೆಯ ಗಂಡು ಗೊತ್ತಾಯಿತು. ಬೀಗರು ಮನೆ ನೋಡಲು ಬರುವ ದಿನ ಬೆಳಗ್ಗೆ ಬಸ್ಸು ತಪ್ಪಿತು. ತಮ್ಮ ಮುಖದ ತುಂಬ ಗಡ್ಡ ಹೊತ್ತು ನೇರ ಊರಿನ ಅಂಗಡಿಗೇ ಹೋಗಿ ಕುರ್ಚಿಯಲ್ಲಿ ಕೂತ. ಅಂಗಡಿಯವನು ಕತ್ತರಿ ಕೆಳಗಿಟ್ಟನಂತೆ.

“ಯೇಳಣ್ಣ, ನಿನ್ ದಮ್ಮಯ್ಯ. ನಿನ್ ಗಡ್ಡ ಕೆರುದ್ರೆ ನಾಳಿಂದ ಮೇಗಲ ಬೀದಿಯೋರು ಬತ್ತಾರ? ನನ್ ಮಕ್ಳು ಏನ್ ತಿನ್ನದು?”

ಬೆಂಚಿನ ಮೇಲಿದ್ದ ಮೇಲಿನ ಬೀದಿಯ ಯಜಮಾನ ಪೇಪರಿನಿಂದ ಕಣ್ಣೆತ್ತದೆ, “ಕುರ್ಚಿ ತೊಳ್ದ್‌ಬುಡ್ಲಾ” ಎಂದನಂತೆ.

ತಮ್ಮ ಇದನ್ನು ನಗುತ್ತಲೇ ಹೇಳಿದ. ನಾನು ನಗಲಿಲ್ಲ. ಇದಕ್ಕೆಂದೇ ಕಾನೂನಿದೆ, ನಡಿ ಎಂದೆ. “ಮದ್ವೆ ಮುಗೀಲಿ ಬುಡಣ್ಣ” ಎಂದ. ನಾನು ಬಿಡಲಿಲ್ಲ. ಚಾಮರಾಜನಗರದ ಠಾಣೆಗೆ ಕರೆದುಕೊಂಡು ಹೋಗಿ, ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಬರೆದು, ಅವನ ಕೈಯಲ್ಲಿ ಸಹಿ ಹಾಕಿಸಿದೆ.

ಠಾಣೆಯವರು ಮೊಕದ್ದಮೆಗೆ ಮೊದಲು ಶಾಂತಿ ಸಭೆ ಮಾಡೋಣ ಎಂದರು. ಅಧಿಕಾರಿಯೊಬ್ಬರು ಪೊಲೀಸರ ಜೊತೆ ಊರಿಗೆ ಬಂದರು. ಎಲ್ಲರಿಗಿಂತ ಮೊದಲು ಕೈ ಮುಗಿದವನು ಆ ಯಜಮಾನನೇ. “ನಮ್ಮೂರಲ್ಲಿ ಅಂತದ್ದೇನೂ ಇಲ್ಲ ಸಾ. ಬೇಕಾದ್ರೆ ತಮ್ ಮುಂದೇನೇ ಮಾಡ್ಸ್‌ಬುಡನ.” ಅಧಿಕಾರಿಗೆ ಅದು ಬಹಳ ಹಿಡಿಸಿತು. ಅಂಗಡಿಯ ಕುರ್ಚಿಯನ್ನು ಎತ್ತಿ ತಂದು ಪಂಚಾಯ್ತಿ ಕಚೇರಿಯ ಮುಂದೆ ಇಟ್ಟರು. ಸಮಾನತೆ ಫೋಟೊದಲ್ಲಿ ಬೀಳಬೇಕಲ್ಲ.

ತಮ್ಮ ನನ್ನ ಮುಖ ನೋಡಿದ. “ಕೂತ್ಕೊ” ಎಂದೆ. ಕೂತ.

ಅಂಗಡಿಯವನು ಕೆನ್ನೆಗೆ ಸೋಪು ಹಚ್ಚಿದ, ಮೀಸೆಯ ಮೇಲೂ ಹಚ್ಚಿದ. ಬ್ರಷ್ಷು ಜಾರಿರಬೇಕು ಎಂದುಕೊಂಡೆ. ಯಜಮಾನ ಕುರ್ಚಿಯ ಹಿಂದೆ ಬಂದು ನಿಂತಿದ್ದ. “ನೀಟಾಗಿ ಮಾಡ್ಲಾ, ಸಾಯೇಬ್ರು ನೋಡ್ತಾವ್ರೆ. ಏನೂ ಉಳುಸ್‌ಬ್ಯಾಡ.” ಬ್ಲೇಡು ಮೂಗಿನ ಕೆಳಗೆ ಒಂದು ಸಲ ಇಳಿಯಿತು. ತಮ್ಮನ ಕೈ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿಯಿತು. ತುಟಿಯ ಮೇಲೆ ಬ್ಲೇಡಿರುವಾಗ ಮನುಷ್ಯ ಮಾತಾಡಲಾರ, ತಲೆ ಅಲ್ಲಾಡಿಸಲಾರ. ಉಳಿದರ್ಧವೂ ಹೋಯಿತು.

ನಮ್ಮ ಕಡೆ ಗಂಡಸು ಮೀಸೆ ತೆಗೆಸುವುದು ಅಪ್ಪನೋ ಅಣ್ಣನೋ ಸತ್ತಾಗ. ಅದು ಅಲ್ಲಿದ್ದ ಇಡೀ ಊರಿಗೆ ಗೊತ್ತು, ಎಲ್ಲಿಂದಲೋ ವರ್ಗವಾಗಿ ಬಂದಿದ್ದ ಆ ಅಧಿಕಾರಿಗೆ ಗೊತ್ತಿಲ್ಲ. ಹಿಂದಿನಿಂದ ಒಬ್ಬ, “ಯಾರ್ಲಾ ಓಗ್‌ಬುಟ್ಟೋರು?” ಎಂದ. ನಗು ಎದ್ದಿತು. ಅಧಿಕಾರಿಯೂ ಸೇರಿ ನಕ್ಕರು. “ಹತ್ತು ವರ್ಷ ಚಿಕ್ಕವರಾಗಿ ಕಾಣ್ತೀರಲ್ರೀ” ಎಂದು ತಮ್ಮನ ಹೆಗಲ ಮೇಲೆ ಕೈಯಿಟ್ಟು ಫೋಟೊ ತೆಗೆಸಿಕೊಂಡರು.

ನಾನು ಮುಂದೆ ಬಂದು ಹೇಳಿದೆ: ದಲಿತನ ಮೀಸೆಯನ್ನು ಬಲವಂತವಾಗಿ ತೆಗೆಯುವುದು ಅದೇ ಕಾಯ್ದೆಯಲ್ಲಿ ಬೇರೆಯೇ ಒಂದು ಅಪರಾಧ.

“ಬಲವಂತ ಎಲ್ಲಾಯ್ತು ಮಿಲ್ಟ್ರಿಯೋರೆ?” ಎಂದ ಯಜಮಾನ. “ಕೂತ್ಕೊ ಅಂದೋರು ನೀವೇ ಅಲ್ವ?”

ಅಧಿಕಾರಿ ತಮ್ಮನ ಕಡೆ ತಿರುಗಿದರು. “ನೀವೇ ತೆಗೆಸಿದ್ದೇನಪ್ಪ?”

ತಮ್ಮ ಕಿವಿಯ ಬಳಿಯ ಸೋಪು ಒರೆಸಿಕೊಂಡ. “ನಾನೇ ತೆಗಿ ಅಂದೆ ಸಾ.”

ಎರಡನೆಯ ದೂರನ್ನು ನಾನು ಅಂದೇ ಬರೆದೆ. ಅವನು ಸಹಿ ಹಾಕಲಿಲ್ಲ. “ನಾಳೆ ಆ ಯಜಮಾನ್ರ ಅರಿಸಿನದ ಒಲುಕ್ಕೆ ಕೂಲಿಗೆ ಓಗೋನು ನಾನು. ನಿಂಗೇನಣ್ಣ, ಪಿಂಚಣಿ ಬತ್ತದೆ.” ಕಣ್ಣಾರೆ ಕಂಡವನೆಂದು ನಾನೇ ಠಾಣೆಗೆ ಕೊಟ್ಟೆ. ಪೊಲೀಸರು ತಮ್ಮನನ್ನು ಕೇಳಿದಾಗ ಅಂದಿನ ಮಾತನ್ನೇ ಹೇಳಿದ. ಅಲ್ಲಿಗೆ ಮುಗಿಯಿತು. ಅಂಗಡಿ ಈಗ ನಮ್ಮ ಬೀದಿಗೂ ತೆರೆದಿದೆ ಎಂದು ಹೊರಗೆ ಬೋರ್ಡಿದೆ. ಆ ಬ್ಲೇಡಿನ ಕೆಳಗೆ ಕೊರಳು ಕೊಡಲು ನಮ್ಮವರು ಯಾರೂ ಹೋಗುವುದಿಲ್ಲ. ಬಸ್ಸೇ ಗಟ್ಟಿ.

ಮದುವೆಯ ಮಾತು ಮುಗಿಸಲು ನಾವಿಬ್ಬರೂ ಗುಂಡ್ಲುಪೇಟೆಗೆ ಹೋದೆವು. ಬೀಗರಿಗೆ ಅವನು ಏನೋ ಹರಕೆಯ ನೆಪ ಹೇಳಿ ಪಾರಾದ. ವಾಪಸು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ನಿಲ್ಲಿಸಿ ಬಾಳೆಹಣ್ಣು ತರಲು ಹೋದೆ. ಬರುವಷ್ಟರಲ್ಲಿ ಯಾರೋ ಅವನನ್ನು ಮಾತಾಡಿಸುತ್ತಿದ್ದ. ತಮ್ಮ ಬಂಡೀಪುರದಲ್ಲಿ ಕಾಡಿಗೆ ಬೆಂಕಿ ಬೀಳದಂತೆ ಕಾಯುವ ಕೂಲಿಗೆ ಹೋಗುತ್ತಿದ್ದಾಗ ಜೊತೆಯಲ್ಲಿದ್ದವನು ಎಂದು ಮಾತಿನಿಂದಲೇ ತಿಳಿಯಿತು. ನಾನು ಅವರ ಬೆನ್ನ ಹಿಂದೆಯೇ ನಿಂತಿದ್ದೆ.

“ಎಲ್ಲೋಯ್ತ್ಲಾ ಮೀಸೆ? ಯಾರ್ ಓಗ್‌ಬುಟ್ರು?”

“ನಮ್ಮಣ್ಣ ಕಣ. ಮಿಲ್ಟ್ರೀಲಿದ್ನಲ್ಲ.”

“ಅಯ್ಯೋ ಸಿವ್ನೆ. ಏನಾಗಿತ್ಲಾ?”

“ಏನೂ ಇಲ್ಲ, ನೆಟ್ಗಿದ್ದ. ಬಾಯಿ ಜಾಸ್ತಿ.”

ಆಗ ತಿರುಗಿದ, ನನ್ನನ್ನು ಕಂಡ. ಕಣ್ಣು ತಗ್ಗಿಸಲಿಲ್ಲ. ಅವನ ಗೆಳೆಯನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನನಗೂ ಜಾಗ ಬಿಟ್ಟು, “ನೀವೂ ಚಾಮರಾಜನಗರ್‍ಕ?” ಎಂದು ಮರ್ಯಾದೆಯಿಂದ ಕೇಳಿದ. ಹೌದು ಎಂದೆ. ಬಸ್ಸು ಬಂತು. ತಮ್ಮ ನನ್ನ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡು ಮುಂದೆ ಹತ್ತಿದ. ನಾನು ಹಿಂದಿನ ಬಾಗಿಲಲ್ಲಿ ಹತ್ತಿದೆ.