ಎರಡೂ ಕಡೆ ದೇವಿಯ ಮುಖ

ಪಾಂಫಿಲಸ್‌ನ ಕಣ್ಣು ಮಂಜಾಗಿದೆ ಎಂಬುದು ರೋಮಿನ ಟಂಕಸಾಲೆಯಲ್ಲಿ ಸುತ್ತಿಗೆ ಹೊಡೆಯುವ ನಿಕೇಪೋರ್ ಒಬ್ಬನಿಗೇ ಗೊತ್ತಿತ್ತು. ಹುಡುಗನಾಗಿದ್ದಾಗ ಡೆಲೋಸ್ ದ್ವೀಪದ ಸಂತೆಯಲ್ಲಿ ಕೊಂಡು ತಂದ ಗುಲಾಮ ಪಾಂಫಿಲಸ್. ಕುಲುಮೆಯ ಪಕ್ಕದಲ್ಲೇ ತಲೆ ನೆರೆಯಿತು. ಅವನು ದಿಮ್ಮಿಗೆ ಬಿಗಿದ ಅಚ್ಚಿನ ಮೇಲೆ ಬೆಳ್ಳಿ ಬಿಲ್ಲೆ ಇಡಬೇಕು, ಅದರ ಮೇಲೆ ಇನ್ನೊಂದು ಅಚ್ಚು ಹಿಡಿಯಬೇಕು. ನಿಕೇಪೋರ್ ಏಟು ಹಾಕಿದರೆ ನಾಣ್ಯದ ಕೆಳಗೆ ರೋಮಾ ದೇವಿಯ ಮುಖ, ಮೇಲೆ ಕುದುರೆ ಏರಿದ ಅವಳಿ ದೇವರು.

ಅವತ್ತು ಹೊಡೆದ ನಾಣ್ಯವೊಂದು ಮೇಲಿನ ಅಚ್ಚಿಗೇ ಕಚ್ಚಿಕೊಂಡಿತು. ಮುದುಕನಿಗೆ ಕಾಣಲಿಲ್ಲ, ಮುಂದಿನ ಬಿಲ್ಲೆ ಇಟ್ಟ. ಏಟು ಬಿತ್ತು. ಹೊರಬಂದ ನಾಣ್ಯದ ಒಂದು ಕಡೆ ದೇವಿಯ ಮುಖ ಉಬ್ಬಿತ್ತು, ಇನ್ನೊಂದು ಕಡೆ, ಕಚ್ಚಿಕೊಂಡಿದ್ದ ನಾಣ್ಯ ಒತ್ತಿ, ಅದೇ ಮುಖ ಕುಳಿಬಿದ್ದಿತ್ತು.

ಮೇಲ್ವಿಚಾರಕ ಅಲ್ಬನಸ್ ಅದನ್ನು ಹೆಕ್ಕಿದ. “ಕುದುರೆ ಎಲ್ಲೋ ಮುದುಕ? ಮೇಯೋಕೆ ಬಿಟ್ಟಿದ್ದೀಯಾ?”

“ನನ್ನ ತಪ್ಪು ಒಡೆಯಾ, ಅವಸರಕ್ಕೆ ಹೊಡೆದ್ಬಿಟ್ಟೆ” ಎಂದ ನಿಕೇಪೋರ್.

“ನೀನು ಬಾಯ್ಮುಚ್ಚು. ಏಯ್ ಮುದುಕ, ಆ ಬಾಗಿಲಲ್ಲಿ ನಿಂತಿರೋದು ಯಾರು ಹೇಳು?”

“ಕುಲುಮೆ ರೂಫಸ್ ಅಲ್ವಾ ಒಡೆಯಾ?”

“ನೀರಿನ ಬಾನಿ ಕಣೋ ಅದು!” ಸುತ್ತಲಿನವರು ನಕ್ಕರು. “ನಾಳೆ ಸ್ಪೇನಿನ ಬೆಳ್ಳಿಗಣಿಗೆ ಹೊರಡು. ಆ ಕತ್ತಲಲ್ಲಿ ಕಣ್ಣು ಯಾತಕ್ಕೆ?”

ಆ ಗಣಿಗೆ ಇಳಿದವರು ತಿರುಗಿ ಬಂದದ್ದಿಲ್ಲ. ಒಬ್ಬನ ಆಯಸ್ಸೆಲ್ಲ ಹಿಂಡಿಕೊಂಡು ಹೀಗೆ ಹೇಳಲು ನಾಲಿಗೆಯಾದರೂ ಹೇಗೆ ಹೊರಳುತ್ತದೋ!

“ಸಂಜೆವರೆಗೆ ಬಿಡಿ ಒಡೆಯಾ,” ಪಾಂಫಿಲಸ್ ಕೈಮುಗಿದ. “ಇಂಥದ್ದು ಇನ್ನೊಂದು ಬಂದ್ರೆ ನಾನೇ ನಡ್ಕೊಂಡು ಹೋಗ್ತೀನಿ.”

ಅಲ್ಬನಸ್ ಎದುರಿಗೇ ಕೂತ. ಮುದುಕ ಪ್ರತಿ ಏಟಿಗೂ ಮೇಲಿನ ಅಚ್ಚನ್ನು ಎತ್ತಿ, ಹೆಬ್ಬೆರಳಿಂದ ಅದರ ಮುಖ ಸವರತೊಡಗಿದ. ಕುದುರೆಗಳ ಕುಳಿ ತಾಗಿದರೆ ಸರಿ, ಮುಂದಿನ ಬಿಲ್ಲೆ.

“ಬೇಗ ಅಜ್ಜಾ, ಹೆಂಡ್ತಿ ಕೆನ್ನೆ ಸವರಿದ ಹಾಗೆ ಸವರಬೇಡ” ನಿಕೇಪೋರ್ ಪಿಸುಗುಟ್ಟಿದ. ಬೆವರು ಇಬ್ಬರಿಗೂ ಇಳಿಯುತ್ತಿತ್ತು.

ಇಳಿಹೊತ್ತಿಗೆ ನಿಕೇಪೋರ್‌ಗೆ ಕೈಯ ಲಯ ಹತ್ತಿತು. ಸವರಿ ಮುಗಿಯಲು ಕಾಯದೆ ಸುತ್ತಿಗೆ ಎತ್ತಿದ. ಅದೇ ಗಳಿಗೆಗೆ ಮುದುಕನ ಬೆರಳಿಗೆ ಕುಳಿಯ ಬದಲು ಏನೋ ಉಬ್ಬಾಗಿ ತಾಗಿತು.

“ಮೂಗು! ತಡಿಯೋ, ಮೂಗು ಸಿಕ್ತು!”

ನಿಕೇಪೋರ್ ಸುತ್ತಿಗೆಯನ್ನು ಪಕ್ಕಕ್ಕೆ ಹೊರಳಿಸಿದ. ಅದು ದಿಮ್ಮಿಯ ಅಂಚನ್ನು ಸೀಳಿತು. ಅಲ್ಬನಸ್ ಅಚ್ಚನ್ನು ಕಿತ್ತುಕೊಂಡು ನೋಡಿದ. ನಾಣ್ಯ ಅಂಟಿಕೊಂಡಿತ್ತು; ರೋಮಾ ದೇವಿ ಅವನನ್ನೇ ನೋಡುತ್ತಿದ್ದಳು.

ಅವನು ಅದನ್ನು ಉಗುರಿನಿಂದ ಎಬ್ಬಿಸಿ, ಅಚ್ಚನ್ನು ಮುದುಕನ ಕೈಗೆ ತುರುಕಿದ.

“ಬೆರಳು ಜೋಪಾನ ಕಣೋ. ಅದೂ ಹೋದ್ರೆ ಗಣಿಯವ್ರೂ ನಿನ್ನ ಮುಟ್ಟಲ್ಲ.” ಆಮೇಲೆ ನಿಕೇಪೋರ್ ಕಡೆ ತಿರುಗಿ ಗುಡುಗಿದ: “ಅವನು ಹ್ಞೂಂ ಅನ್ನೋವರೆಗೆ ಸುತ್ತಿಗೆ ಎತ್ತಿದ್ಯೋ, ನಿನ್ನನ್ನೇ ಕಳಿಸ್ತೀನಿ!”

ಪಾಂಫಿಲಸ್ ಬಿಲ್ಲೆ ಇಟ್ಟ, ಅಚ್ಚು ಸವರಿದ. ನಿಕೇಪೋರ್ ಕಾದ.

“ಹ್ಞೂಂ” ಎಂದ ಮುದುಕ.