ಹಪ್ಪಳದ ಅಂಗಳದಲ್ಲಿ ಚಾಚಿದ ತೋಳುಗಳು

ಅದು ೨೦೦೬ರ ಬೇಸಿಗೆ. ಎಂ.ಎಸ್ಸಿ. ಮುಗಿಸಿ ಒಂದು ಆರೋಗ್ಯ ಸಂಶೋಧನೆಯಲ್ಲಿ ಸಹಾಯಕಿಯಾಗಿ ಸೇರಿದ್ದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಹೆಂಗಸರಲ್ಲಿ ರಕ್ತಹೀನತೆ ಎಷ್ಟಿದೆ, ಏಕಿದೆ ಎಂದು ತಿಳಿಯುವುದು ನಮ್ಮ ಕೆಲಸ. ಅದಕ್ಕೆ ತಾವಾಗಿಯೇ ಒಪ್ಪಿ ಸ್ವಲ್ಪ ರಕ್ತ ಕೊಡುವ ಹೆಂಗಸರು ಬೇಕಿತ್ತು. ಅವರನ್ನು ಹುಡುಕುವ ಹೊಣೆ ನನ್ನದು. ಹೊಸಬರೊಡನೆ ತಾನಾಗಿ ಮಾತಿಗಿಳಿಯುವವಳು ನಾನಲ್ಲ. ಆದರೂ ಒಪ್ಪಿಕೊಂಡಿದ್ದೆ.

ಊರೂರಿನ ಶಾಲೆಗಳಲ್ಲಿ ಮೇಜು ಹಾಕಿಕೊಂಡು ನಾನೂ ನರ್ಸ್ ವಿಮಲಾ ಅವರೂ ಕಾದೆವು. ಬಂದವರು ಬೆರಳೆಣಿಕೆಯಷ್ಟು. ತಿಂಗಳ ಕೊನೆಯೊಳಗೆ ಸಾಕಷ್ಟು ಜನ ಸಿಗದಿದ್ದರೆ ಮೂರೂ ತಾಲ್ಲೂಕುಗಳನ್ನು ಅಧ್ಯಯನದಿಂದ ಕೈಬಿಡುತ್ತೇವೆ ಎಂದು ನಮ್ಮ ಮುಖ್ಯಸ್ಥರು ಫೋನಿನಲ್ಲಿ ಹೇಳಿದರು. ಹಾಗಾದರೆ ಬೇರೆ ಯಾವುದೋ ಸೀಮೆಯ ಹೆಂಗಸರ ಲೆಕ್ಕವೇ ಇಲ್ಲಿಯವರಿಗೂ ಲೆಕ್ಕವಾಗುತ್ತಿತ್ತು. ಅದು ನನಗೆ ನುಂಗಲಾರದ ತುತ್ತಾಯಿತು.

ಕೊಪ್ಪದಲ್ಲಿ ನಾನು ಬಾಡಿಗೆಗಿದ್ದದ್ದು ಜಲಜಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಅವರದು ಹಪ್ಪಳದ ವ್ಯಾಪಾರ. ಹಳ್ಳಿಗಳಲ್ಲಿ ಹೆಂಗಸರು ಮಾಡಿದ ಹಲಸಿನಕಾಯಿ ಹಪ್ಪಳವನ್ನು ತಮ್ಮ ಟೆಂಪೋದಲ್ಲಿ ತಂದು, ಪ್ಯಾಕೆಟ್ ಮಾಡಿಸಿ, ಶಿವಮೊಗ್ಗ ಚಿಕ್ಕಮಗಳೂರಿನ ಅಂಗಡಿಗಳಿಗೆ ಹಾಕುತ್ತಿದ್ದರು. ಆ ಸಂಜೆ ಮೆಟ್ಟಿಲು ಹತ್ತುತ್ತಿದ್ದ ನನ್ನನ್ನು ನಿಲ್ಲಿಸಿದರು.

"ಎಂತ ಮಾರಾಯ್ತಿ, ಇವತ್ತೂ ಬೋಣಿ ಆಗ್ಲಿಲ್ವಾ?"

"ರಕ್ತ ಅಂದ್ರೆ ಹೆದರ್ತಾರೆ ಅನ್ಸುತ್ತೆ ಜಲಜಕ್ಕ."

"ಹೆದರಿಕೆ ಎಂತ ಮಣ್ಣು! ಈಗ ಹಪ್ಪಳದ ಕಾಲ ಅಲ್ದಾ? ಇವತ್ತು ಅವರ ಮನೇಲಿ ಮುಯ್ಯಿ, ನಾಳೆ ಇವರ ಮನೇಲಿ. ನಿನ್ನ ಸೂಜಿಗೆ ಕೈ ಕೊಡಕ್ಕೆ ಯಾರಾದ್ರೂ ಮುಯ್ಯಿ ತಪ್ಪಿಸ್ತಾರಾ?"

ಕೂಲಿ ಇಲ್ಲದೆ ಒಬ್ಬರ ಮನೆಯ ಕೆಲಸಕ್ಕೆ ಎಲ್ಲರೂ ಸೇರುವುದು, ಸರದಿಯಲ್ಲಿ ಅವರೂ ಉಳಿದವರ ಮನೆಗೆ ಹೋಗುವುದು ಮುಯ್ಯಿ. ಹಪ್ಪಳ ಒಬ್ಬರಿಂದ ಆಗುವ ಕೆಲಸವಲ್ಲ. ಹಲಸಿನ ತೊಳೆ ಬೇಯಿಸಬೇಕು, ಕುಟ್ಟಬೇಕು, ಒತ್ತಬೇಕು, ಬಿಸಿಲು ಇಳಿಯುವ ಮೊದಲು ಒಣಹಾಕಬೇಕು. ಇದನ್ನೆಲ್ಲ ಕೇಳಿ ಬಲ್ಲ ನನಗೆ ಹೊಳೆಯದೆ ಇದ್ದದ್ದು ಜಲಜಕ್ಕನ ವ್ಯಾಪಾರಿ ಬುದ್ಧಿಗೆ ಹೊಳೆಯಿತು.

"ಅವರು ಮೇಜಿನ ಹತ್ರ ಬರೋದು ಬೇಡ, ನೀವೇ ಅಂಗಳಕ್ಕೆ ಹೋಗಿ. ಯಾವತ್ತು ಯಾರ ಮನೇಲಿ ಒತ್ತೋದು ಅಂತ ನಂಗೆ ಗೊತ್ತಿರ್ತದೆ. ನನ್ನ ಟೆಂಪೋದಲ್ಲೇ ಹೋಗಾಣ. ಆದ್ರೆ ನೀವು ಜೀಪಿಗೆ ಕೊಡೋ ಬಾಡಿಗೆ ನಂಗೆ ಕೊಡಿಸ್ಬೇಕು. ಧರ್ಮಕ್ಕೆ ಅಂತ ಹೇಳಿದ್ನಾ ನಾನು?" ಎಂದು ನಕ್ಕರು. "ಮತ್ತೆ, ಅಲ್ಲಿ ಮೇಡಂ ಥರ ನಿಂತ್ಕಂಡ್ರೆ ಆಗಲ್ಲ. ಕೂತು ಒತ್ಬೇಕು."

ಮುಖ್ಯಸ್ಥರು ಒಪ್ಪಿದರು. ಮೊದಲು ಹೋದದ್ದು ಭಂಡಿಗಡಿಗೆ, ನಾಗಮ್ಮಜ್ಜಿಯ ಅಂಗಳಕ್ಕೆ. ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತಿದ್ದರು. ನಾನೂ ಕೂತೆ. ನನ್ನ ಮೊದಲ ಹಪ್ಪಳವನ್ನು ಒಬ್ಬಾಕೆ ಎತ್ತಿ ಹಿಡಿದು, "ಇದೆಂತದು ತಂಗಿ, ಹಪ್ಪಳವಾ ಭೂಪಟವಾ?" ಎಂದಾಗ ಇಡೀ ಅಂಗಳ ನಕ್ಕಿತು. ನಾನೂ ನಕ್ಕೆ. ಆಮೇಲೆ ಮಾತು ಸುಲಭವಾಯಿತು.

ಸಂಶೋಧನೆ ಏನೆಂದು ವಿವರಿಸಿದೆ. ಹಪ್ಪಳ ಕೊಳ್ಳುವವರೇ ಕರೆತಂದಿದ್ದಾರೆ ಎಂಬ ಮುಲಾಜಿಗೆ ಯಾರೂ ಒಪ್ಪಬಾರದು, ಬೇಡವೆನಿಸಿದರೆ ಬೇಡ ಎನ್ನಬಹುದು ಎಂದೂ ಹೇಳಿದೆ.

"ಹಂಗಾರೆ ನಾನಿಲ್ಲಪ್ಪ, ನಂಗೆ ಸೂಜಿ ಕಂಡ್ರೆ ತಲೆ ತಿರುಗ್ತದೆ" ಎಂದಳು ಒಬ್ಬ ಸೊಸೆ.

"ಬೇಡ ಅಂದ್ರೆ ಬಿಡು. ಅದಕ್ಕೆ ನಿನ್ನ ಹಪ್ಪಳ ವಾಪಸ್ ಕಳಿಸ್ತೀನಾ ನಾನು?" ಎಂದರು ಜಲಜಕ್ಕ.

ಇನ್ನೊಂದು ಮಾತು ಹೇಳಲೇಬೇಕಿತ್ತು. ಅದನ್ನು ಹೇಳುವಾಗ ನನ್ನ ದನಿ ತಗ್ಗಿತು. "ಇದರಿಂದ ನಿಮಗೆ ನೇರವಾಗಿ ಏನೂ ಲಾಭವಿಲ್ಲ. ಎಷ್ಟೋ ವರ್ಷದ ಮೇಲೆ ಬೇರೆ ಯಾರಿಗೋ ಉಪಯೋಗ ಆದರೂ ಆಗಬಹುದು, ಆಗದೆಯೂ ಇರಬಹುದು."

ಹೆಂಗಸರು ಮತ್ತೆ ಹಪ್ಪಳ ಒತ್ತುವುದಕ್ಕೆ ಬಗ್ಗಿದರು. ಮೂರು ತಾಲ್ಲೂಕುಗಳೂ ಕೈಬಿಟ್ಟುಹೋದವು ಎಂದುಕೊಂಡೆ. ಆಗ ನಾಗಮ್ಮಜ್ಜಿ ಬಾಯಿ ತೆರೆದರು.

"ಇದ್ರಲ್ಲಿ ಹೊಸದೆಂತ ಇದೆ ಮಗಾ? ನಾನು ಮುಯ್ಯಿಗೆ ಹೋದ ಮನೆಯೋರೆಲ್ಲ ನಮ್ಮನೆಗೆ ಬಂದಾರಾ? ಎಷ್ಟೋ ಜನ ಸತ್ತೇ ಹೋದ್ರು. ಅವರ ಸೊಸೆ ಬತ್ತಾಳೆ, ಮೊಮ್ಮಗಳು ಬತ್ತಾಳೆ. ನಾನಿಲ್ದಿದ್ರೆ ನನ್ನ ಮೊಮ್ಮಗಳ ಮನೆಗೆ ಬತ್ತಾರೆ. ಇನ್ನೂ ಹುಟ್ಟದೆ ಇರೋ ಹೆಣ್ಮಕ್ಕಳಿಗೂ ಒಂದು ಮುಯ್ಯಿ ಅಂತ ಇಟ್ಕಳಿ. ತಗಳಿ, ಚುಚ್ಚಿ." ಹಾಗೆಂದು ಸೆರಗು ಸರಿಸಿ ತೋಳು ಚಾಚಿದರು.

ಅವರ ಹಿಂದೆ ಒಬ್ಬೊಬ್ಬರಾಗಿ ಎದ್ದು ಬಂದರು. ಹಿಟ್ಟು ಅಂಟದಿರಲೆಂದು ಹಚ್ಚಿಕೊಂಡ ಎಣ್ಣೆ ಎಲ್ಲರ ಮೊಣಕೈವರೆಗೂ ಇತ್ತು. ಸೂಜಿ ಚುಚ್ಚಿದ ಜಾಗಕ್ಕೆ ವಿಮಲಾ ಅವರ ಪಟ್ಟಿ ಅಂಟುತ್ತಲೇ ಇರಲಿಲ್ಲ. ಒಬ್ಬಾಕೆ ಬಚ್ಚಲಿನಿಂದ ಸೀಗೆಪುಡಿ ತಂದರು. ಹೆಂಗಸರು ಒಬ್ಬರ ತೋಳನ್ನು ಇನ್ನೊಬ್ಬರು ತಿಕ್ಕಿ ತೊಳೆದರು. ವಿಶ್ವವಿದ್ಯಾಲಯದಲ್ಲಿ ಸ್ವಯಂಸೇವಕರು ಎಂಬ ಪದವನ್ನು ಎಷ್ಟೋ ಸಲ ಬರೆದಿದ್ದೆ. ಅದು ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ.

ಸುದ್ದಿ ನಮ್ಮ ಟೆಂಪೋಗಿಂತ ಮುಂದೆ ಓಡಿತು. ಶೃಂಗೇರಿ ಕಡೆಯ ಊರುಗಳಲ್ಲಿ ನಾನು ಪೂರ್ತಿ ವಿವರಿಸುವ ಮೊದಲೇ ಹೆಂಗಸರು, "ಗೊತ್ತು ಗೊತ್ತು, ಹುಟ್ಟೋ ಮಕ್ಕಳ ಮುಯ್ಯಿ ಅಲ್ದಾ?" ಎನ್ನುತ್ತಿದ್ದರು. ಆದರೂ ಎಲ್ಲರಿಗೂ ಎಲ್ಲವನ್ನೂ ಹೇಳಿಯೇ ಮುಂದುವರಿದೆ. ನರಸಿಂಹರಾಜಪುರ ಕಡೆಯ ಮುತ್ತಿನಕೊಪ್ಪದಲ್ಲಿ ಟೆಂಪೋ ನಿಲ್ಲುವಷ್ಟರಲ್ಲಿ ಅಂಗಳದ ತುಂಬ ಹೆಂಗಸರು ತೋಳು ತೊಳೆದುಕೊಂಡು ಕಾಯುತ್ತಿದ್ದರು. ಒದ್ದೆ ತೋಳುಗಳ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು. ನಾನು ಇಳಿಯಲೂ ಮರೆತು ನೋಡುತ್ತ ಕೂತಿದ್ದೆ.

ತಿಂಗಳ ಕೊನೆಗೆ ಮೂರು ತಾಲ್ಲೂಕುಗಳೂ ಅಧ್ಯಯನದಲ್ಲಿ ಉಳಿದವು.

ನನ್ನ ಮನಸ್ಸಿನ ವಿಷಯಗಳನ್ನು ನಾನು ಯಾರಿಗೂ ಹೇಳಿಕೊಳ್ಳುವವಳಲ್ಲ. ಇದೊಂದನ್ನು ಹೇಳದಿರಲು ಆಗಲಿಲ್ಲ. ತಾವೆಂದೂ ಕಾಣದ ಹುಡುಗಿಯರಿಗಾಗಿ, ನಗುತ್ತ, ಮಧ್ಯೆ ಒಂದಿಷ್ಟು ಹೊತ್ತು ಕೆಲಸ ನಿಲ್ಲಿಸಿ, ಅವರು ರಕ್ತ ಕೊಟ್ಟರು. ಕೊಟ್ಟು ಮತ್ತೆ ಒತ್ತಲು ಕೂತರು. ಅಷ್ಟು ದೊಡ್ಡದನ್ನು ಅಷ್ಟು ಸಲೀಸಾಗಿ ಕೊಟ್ಟವರನ್ನು ನಾನು ಮತ್ತೆಲ್ಲೂ ಕಂಡಿಲ್ಲ.