ಪೋಲರೈಜರ್ ಮತ್ತು ಜಲಜಕ್ಕನ ಬೆಂಡೋಲೆ

ಗೆಳೆಯರೇ, ಇವತ್ತು ಬೆಳಿಗ್ಗೆ ಕುಂದಾಪುರದ ಹೊಳೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಟ್ರೈಪಾಡ್ ಊರುವಷ್ಟರಲ್ಲಿ ಒಂದು ಕೂಗು ಬಂತು.

"ಹ್ವಾಯ್! ಅಲ್ಲೇ ನಿಲ್ಲಿ! ಕಾಲ್ ಎತ್ಬೇಡಿ!"

ಸಾರಿಗೆಂದು ಹೊಳೆಯ ಮರಳಿನಿಂದ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ನಮ್ಮ ಕೇರಿಯ ಜಲಜಕ್ಕ. ಬಗ್ಗಿದಾಗ ಅವರ ಕಿವಿಯ ಬೆಂಡೋಲೆ ನೀರಿಗೆ ಬಿದ್ದಿತ್ತು. "ನಮ್ ಅಬ್ಬಿ ಕೊಟ್ಟದ್ ಮಾರಾಯ್ರೆ. ಈ ಹೊಳಪಂಗೆ ಎಂತದೂ ಕಾಂತಿಲ್ಲೆ," ಎನ್ನುತ್ತ, ತಾಯಿ ಕೊಟ್ಟ ಆ ಓಲೆಗಾಗಿ ಅವರು ಹಣೆಗೆ ಕೈ ಅಡ್ಡ ಹಿಡಿದು ನೀರಿನೊಳಗೆ ಇಣುಕುತ್ತಿದ್ದರು.

ನನ್ನ ಕೈಯಲ್ಲಿ ಪೋಲರೈಜರ್ ಫಿಲ್ಟರ್ ಇತ್ತು. ನೀರಿನ ಮೇಲಿನ ಹೊಳಪು ತೆಗೆಯಲೆಂದೇ ಲೆನ್ಸಿಗೆ ಹಾಕುವ ಗಾಜು ಅದು. ಕಣ್ಣಿಗೆ ಹಿಡಿದು ಮೆಲ್ಲಗೆ ತಿರುಗಿಸಿದೆ. ಬೆಳ್ಳಗೆ ಮಿನುಗುತ್ತಿದ್ದ ಹೊಳಪು ಮಾಯವಾಗಿ ತಳದ ಮರಳು ಕಂಡಿತು.

"ಇಲ್ ಕೊಡಿ, ಕಾಂಬ," ಎಂದು ಜಲಜಕ್ಕ ಅದನ್ನು ಕಸಿದುಕೊಂಡರು. ನಾನು ಅಲುಗದೆ ನಿಂತೆ. ಐದು ನಿಮಿಷಕ್ಕೆ ಬೆಂಡೋಲೆ ಸಿಕ್ಕಿತು, ನನ್ನ ಎಡಗಾಲಿನ ಹೆಬ್ಬೆರಳಿನ ಪಕ್ಕದಲ್ಲೇ. ಅವರು ಅದನ್ನು ಕಣ್ಣಿಗೊತ್ತಿಕೊಂಡರು. ಫಿಲ್ಟರನ್ನು ಮಾತ್ರ ಕೊಡಲಿಲ್ಲ.

"ಸ್ವಲ್ಪ ನಿಲ್ಲಿ, ಇದ್ರಂಗೆ ಮರ್ವಾಯಿನೂ ಲಾಯ್ಕ್ ಕಾಂತ್."

ಅವರ ಬುಟ್ಟಿ ತುಂಬುವಷ್ಟರಲ್ಲಿ ಬಿಸಿಲೇರಿ, ನನಗೆ ಬೇಕಿದ್ದ ಬೆಳಕು ಹೋಗಿತ್ತು. "ಇಷ್ಟ್ ಒಳ್ಳೆ ಸಾಮಾನ್ ಇಟ್ಕಂಡ್ ಬರೀ ಫೋಟೋ ತೆಗಿತ್ರಿಯಾ?" ಎಂದು ಮರುಗುತ್ತ, ಬೇಡ ಎನ್ನುವ ಮೊದಲೇ ನನ್ನ ಕ್ಯಾಮೆರಾ ಚೀಲಕ್ಕೆ ನಾಲ್ಕು ಬೊಗಸೆ ಮರುವಾಯಿ ಸುರಿದರು.

ಹಾಗಾಗಿ ಇವತ್ತು ಫೋಟೋ ಇಲ್ಲ. ಆದರೆ ನಾನು ಕ್ಯಾಮೆರಾ ಹಿಡಿದು ಹೊರಗೆ ಹೋದದ್ದರಿಂದ ಏನೋ ಪ್ರಯೋಜನವಾಯಿತು ಎಂದು ಮನೆಯವರು ಮೊದಲ ಬಾರಿಗೆ ಒಪ್ಪಿಕೊಂಡಿದ್ದಾರೆ.